ಡಬ್ಬ ಮಲಗಿದ ಹನ್ನೆರಡು ದಿನ

"ಹೊಲಿಗಿ ಹಾಕೂದಿಲ್ಲವ್ವಾ," ಅಂದ್ಲು ಬೆಳಗಾವಿ ಡಾಕ್ಟರಬಾಯಿ,
"ಕಣ್ಣಿನೊಳಗ ಗಾಳಿ ತುಂಬತೀವಿ. ಗುಳ್ಳಿ ಮ್ಯಾಲೆ ಏರಿ
ಕಿತ್ತುಬಂದ ಪರದಿ ಒತ್ತಿ ಹಿಡೀತೈತಿ, ಅಂಟೂ ತನಕ.
ಅದಕ್ಕ ಹುಡುಗ ಡಬ್ಬ ಮಲಗಬೇಕು. ಹನ್ನೆರಡು ದಿನ.
ಮುಖ ನೆಲಕ್ಕ. ಉಣ್ಣೂ ಹೊತ್ತಿನಾಗೂ."

ನಾನು ಇಳಕಲ್ಲಿನಾಕಿ. ಹದಿನಾಲ್ಕು ವರ್ಷಾತು ಕೊಂಡಿ ಹಾಕತೀನಿ.
ಒಡಲಿನ ಹತ್ತಿ ಎಳಿ, ಸೆರಗಿನ ರೇಷ್ಮಿ ಎಳಿ,
ಒಂದರ ಕುಣಿಕ್ಯಾಗ ಇನ್ನೊಂದು, ಸಾವಿರಾರು.
ಬಿಟ್ಟುಬರೂದು ಅಂದ್ರೇನು ಅಂತ ನನಗ ಬಿಡಿಸಿ ಹೇಳಬೇಕಿದ್ದಿಲ್ಲ.
ಕೇಳಬೇಕಾಗಿದ್ದು ಒಂದ: ಕೊಂಡಿ ಇಲ್ಲದ, ಬರೀ ಗಾಳಿ ನಂಬಿ...
ಕೇಳಲಿಲ್ಲ. ಆಕಿ ಕೈ ನೋಡಿದೆ.
ಉಗುರು ಗಿಡ್ಡ ಕತ್ತರಿಸಿದ್ಲು, ನನ್ನಂಗ.

ಹುಟ್ಟುವಾಗ ಅಂಗುಳ ಸೀಳಿತ್ತು, ಹಾಲು ಮೂಗಿನಾಗ ಬರತಿತ್ತು.
ಐದಕ್ಕ ದಪ್ಪ ಚಾಳೀಸು. ಎಂಟಕ್ಕ
ಕಣ್ಣಾಗ ನೊಣ ಹಾರತಾವು ಅಂದಾಗ
"ಮಾವಿನಹಣ್ಣಿನ ಕಾಲ, ಹಾರತಾವು" ಅಂದಾಕಿ ನಾನ.
ಕೆಳಗಿಂದ ಕರಿ ಪರದಿ ಏರಿದ್ದು ಅವ ಹೇಳಲೇ ಇಲ್ಲ.
ಎಲ್ಲಾರಿಗೂ ಹಂಗ ಕಾಣತೈತಿ ಅಂದ್ಕೊಂಡಿದ್ದನಂತ.

ಡಾಕ್ಟರಬಾಯಿ ಹಾಳಿ ಮ್ಯಾಲೆ ಚೌಕ ಬರದ್ಲು, ಸುತ್ತು ಬರದ್ಲು,
ದಡಿಯ ಚಿತ್ತಾರ ಎಣಿಸಿ ಇಡೂ ನಮ್ಮ ಹಾಳಿಯಂಗ.
ಅಜ್ಜನ ಚೌಕ ಕಪ್ಪು ಮಾಡಿದ್ಲು. ಮಗಂದೂ.
ದೀಪದ ಬೆಳಕಿನಾಗ ನೇಯ್ದು ನೇಯ್ದು
ಅಜ್ಜನ ಕಣ್ಣು ಸವದ್ವು ಅಂತಿತ್ತಲ್ಲ ಓಣಿ.

ಆಮ್ಯಾಲೆ ಇವರ ಎಡಗಣ್ಣಿಗೆ ಬೆಳಕು ಬಿಟ್ಟು, "ಇದು?"
"ಲಾಳಿ ಬಡಿದು ಹೋತ್ರಿ. ಒಂಬತ್ತು ವರ್ಷದಾಂವ ಇದ್ದೆ.
ಅಪ್ಪ ಸಿಟ್ಟಿನಾಗ ಒಗದಿದ್ದ."
ಆಕಿ ಭಾಳ ಹೊತ್ತು ನೋಡಿದ್ಲು.
"ಲಾಳಿ ಒಂದು ನೆವ ಇರಬಹುದು.
ಬಡೀದಿದ್ರೂ ಅದು ಒಂದಿನ ಬಿಟ್ಟುಬರೂದ ಇತ್ತು."

ಅಪ್ಪ ಸತ್ತಾಗ ಇವರು ಹೆಗಲು ಕೊಟ್ಟಿದ್ರು.
ಅದಕ್ಕ ಮೊದಲ ಇಪ್ಪತ್ತು ವರ್ಷ ಮಾತು ಕೊಟ್ಟಿದ್ದಿಲ್ಲ.
ಮೊಮ್ಮಗಗ ಅಜ್ಜನ ಹೆಸರಿಟ್ಟಾಕಿ ಅತ್ತಿ. ಇವರು ಅವನ್ನ
"ಏ ಹುಡುಗಾ" ಅಂತನ ಕರೀತಿದ್ರು.

ಮಲಗಿಸೂದೆಲ್ಲಿ? ಕುಣಿಮಗ್ಗದ ಅಂಚಿಗೆ ಕೌದಿ ಹಾಸಿ,
ಎದಿ ಕೆಳಗ ದಿಂಬು, ಮುಖ ಕುಣಿಯೊಳಗ ಇಳಿಬಿಟ್ಟು.
ಅಲ್ಲಿ ಅಪ್ಪನ ಕಾಲು, ತುಳಿಯೂ ಹಲಗಿ, ಒಂದು ಬೀಡಿ ತುಂಡು.
ಇನ್ನೊಂದು ಕಣ್ಣಿಗೆ ಲೇಸರಿಂದ ಸುತ್ತ ಬೇಲಿ ಹಾಕಿದ್ರು.
ಅದರಾಗ ನೋಡತಿದ್ದ.
"ಅಪ್ಪಾ, ಹಿಮ್ಮಡ ಒಡದೈತಿ."
"ಅಪ್ಪಾ, ನಿನ್ನ ಬಲಗಾಲು ಮೊದಲ ಸಿಟ್ಟಾಗತೈತಿ."
ರಾತ್ರಿ ಅವನ ಅಂಗಿಚುಂಗು ನನ್ನ ಸೆರಗಿಗೆ ಗಂಟು ಹಾಕಿ ಮಲಗತಿದ್ದೆ,
ಹೊರಳಿದ್ರ ಎಚ್ಚರಾಗಲಿ ಅಂತ.

ಹನ್ನೊಂದನೇ ದಿನ ಲಾಳಿ ಕೈ ಜಾರಿ
ಕುಣಿಯೊಳಗ ಬಿತ್ತು, ಅವನ ಮುಖದಿಂದ ಗೇಣು ದೂರ.
ಮಗ್ಗ ನಿಂತಿತು.
ಓಣಿಯ ಉಳಿದ ಮಗ್ಗ ಎಲ್ಲಾ ಕೇಳಿಸಿದ್ವು ಆವಾಗ.
ಇವರು ಬಗ್ಗಿ ಲಾಳಿ ಎತ್ತಿ, ಉಜ್ಜಿ,
"ರಾಮಲಿಂಗಾ," ಅಂದ್ರು, "ಕೈ ಚಾಚು. ಹಿಡಿ. ಇದು ಲಾಳಿ."
ನನ್ನ ಬೆರಳಾಗಿನ ಎಳಿ ತಪ್ಪಿತು.
ಎಲ್ಲಿದ್ದೆ ಅಂತ ಹುಡುಕೂದ್ರಾಗ ಸಂಜಿ ಆತು.

ಗುಳ್ಳಿ ನಿಂಬಿಹಣ್ಣಿನಷ್ಟಿತ್ತಂತ, ಆಮ್ಯಾಲೆ ಜೋಳದ ಕಾಳು.
ಐದನೇ ವಾರ ಒಂದು ಮುಂಜಾನಿ ಇಲ್ಲ.
ಕೌದಿ ಝಾಡಿಸಿ ಹುಡುಕಿದ, ಹುಚ್ಚಪ್ಪ.
ಆ ಕಣ್ಣಿಗೆ ಈಗ ಬೆರಳು ಕಾಣತಾವು. ಅಕ್ಷರ ಇನ್ನೂ ಇಲ್ಲ.
ಕಾಣಬಹುದು ಅಂದಾಳ ಡಾಕ್ಟರಬಾಯಿ.
ಕಾಣತಾವು ಅಂದಿಲ್ಲ.

ತಂಗಿ ಅಂಬಕ್ಕಗ ನಾಲ್ಕು ತುಂಬಿದ್ವು.
ಬರೂ ಬೇಸ್ತವಾರ ಆಕಿ ಕಣ್ಣಿಗೆ ಹನಿ ಹಾಕತಾರ.
ಹಾಳಿಯಾಗ ಅಣ್ಣನ ಚೌಕದ ಮಗ್ಗಲ
ಆಕಿ ಸುತ್ತು ಇನ್ನೂ ಬೆಳ್ಳಗ ಐತಿ.